ಕೊಪ್ಪರಿಗೆ ಕಂಠದ ಹೆಸರು

ನಮ್ಮ ಮನೆಗೆ ಯಾರು ಬಂದರೂ ಬಾಗಿಲಲ್ಲಿ ತಲೆ ತಗ್ಗಿಸಲೇಬೇಕಿತ್ತು. ಮರ್ಯಾದೆಗೆ ಅಂತ ಅಲ್ಲ. ತಗ್ಗಿಸದಿದ್ದರೆ ತೊಲೆಗೆ ನೇತುಹಾಕಿದ್ದ ಸೌಟು, ಜಾಲರಿಗಳು ಹಣೆಗೆ ಟಣ್ ಎಂದು ಬಡಿಯುತ್ತಿದ್ದವು. ಚಾಮರಾಜಪೇಟೆಯ ಆ ಸಾಲುಮನೆಯ ಮುಂದಿನ ಹಾಲಿನಲ್ಲಿ ಮನುಷ್ಯರಿಗೆ ಅಂತ ಬಿಟ್ಟಿದ್ದು ಒಂದು ಕಾಲುದಾರಿಯಷ್ಟು ಜಾಗ. ಉಳಿದದ್ದೆಲ್ಲ ಪಾತ್ರೆಗಳದ್ದು. ಒಂದರ ಹೊಟ್ಟೆಯೊಳಗೆ ಒಂದು ಕೂತ ಕೊಪ್ಪರಿಗೆಗಳು, ಗೋಡೆಗೆ ಒರಗಿ ನಿಂತ ಪರಾತಗಳು, ಮೂಲೆಯಲ್ಲಿ ಹಂಡೆಗಳು, ಸಾರು ಬಡಿಸುವ ಬಕೆಟ್ಟುಗಳು. ಮದುವೆ, ಮುಂಜಿ, ಗೃಹಪ್ರವೇಶ, ತಿಥಿ, ಯಾವುದಕ್ಕಾದರೂ ಸರಿ, ಇಲ್ಲಿಂದ ಪಾತ್ರೆ ಬಾಡಿಗೆಗೆ ಹೋಗುತ್ತಿತ್ತು. ಸೋಫಾ ಇರಲಿಲ್ಲ. ನೆಂಟರು ಬಂದರೆ ಒಂದು ಹಂಡೆಯನ್ನು ಬೋರಲು ಹಾಕಿ, ಮೇಲೆ ಟವೆಲ್ಲು ಹಾಸಿ ಕೂರಿಸುತ್ತಿದ್ದೆವು. ಕೂತವರು ಸ್ವಲ್ಪ ಅಲುಗಿದರೂ ಮನೆಯೆಲ್ಲ ಗುಂಯ್ ಎನ್ನುತ್ತಿದ್ದರಿಂದ ನಮ್ಮ ಮನೆಯಲ್ಲಿ ನೆಂಟರು ಬಹಳ ಹೊತ್ತು ಕೂರುತ್ತಿರಲಿಲ್ಲ. ನನಗೆ ಕೂಸಾಗಿದ್ದಾಗ ನೀರೆರೆದದ್ದು ಪಾಯಸದ ಕೊಪ್ಪರಿಗೆಯಲ್ಲಿ ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಆಮೇಲೆ ಆ ಕೊಪ್ಪರಿಗೆ ಎಷ್ಟೋ ಮದುವೆಗಳಿಗೆ ಹೋಗಿಬಂದಿದೆ. ಆ ದಂಪತಿಗಳೆಲ್ಲ ಸುಖವಾಗಿರಲಿ.

ಸಾವಿರ ಜನಕ್ಕೆ ಅನ್ನ ಬೇಯಿಸುವ ಪಾತ್ರೆ ಇಟ್ಟುಕೊಂಡು ನಾವು ಐದು ಜನ ಉಣ್ಣುತ್ತಿದ್ದದ್ದು ಒಂದು ಸೊಟ್ಟ ಕುಕ್ಕರಿನಲ್ಲಿ. ಅದರ ಹಿಡಿಗೆ ಅಮ್ಮ ಬಟ್ಟೆ ಸುತ್ತಿದ್ದಳು. ಒಳ್ಳೆಯ ಪಾತ್ರೆಯನ್ನು ಮನೆಗೆ ಬಳಸಿದರೆ ಅತ್ತೆಗೆ ಆಗುತ್ತಿರಲಿಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ, ಸರೋಜತ್ತೆ. ಬೆಳಗ್ಗೆ ಎದ್ದರೆ ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜುವವಳು ಅವಳು, ಪಾತ್ರೆ ಎಣಿಸಿ ಕಳಿಸುವವಳು ಅವಳು, ವಾಪಸು ಬಂದಾಗ ಒಂದೊಂದನ್ನೂ ಬೆರಳಿನಿಂದ ಬಡಿದು ಶಬ್ದ ಕೇಳಿ ಸೀಳು ಬಿಟ್ಟಿದೆಯೋ ಇಲ್ಲವೋ ನೋಡುವವಳೂ ಅವಳೇ. ಅವಳ ಸೀರೆಯ ಸೆರಗು ಯಾವಾಗಲೂ ಒದ್ದೆ. ಅಪ್ಪನ ಶರ್ಟು ಯಾವಾಗಲೂ ಇಸ್ತ್ರಿ. ಅಪ್ಪ ಗೋಡೆಯ ಮೇಲಿದ್ದ ಫೋನಿನ ಪಕ್ಕ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಮನೆಯಲ್ಲಿದ್ದ ಒಂದೇ ಕುರ್ಚಿ ಅದು. ಫೋನು ಬಡಿದುಕೊಂಡರೆ ಮೂರು ರಿಂಗು ಆಗಲು ಬಿಟ್ಟು, ಗಂಟಲು ಸರಿಮಾಡಿಕೊಂಡು, ಹೊಟ್ಟೆಯ ತಳದಿಂದ ಒಂದು ದನಿ ತೆಗೆಯುತ್ತಿದ್ದ.

“ಹಲೋ... ಹೇಳೀ... ಹಾಂ, ಪಾತ್ರೆ ನಾಗರಾಜು. ಓನರೇ ಮಾತಾಡ್ತಿರೋದು.”

ಮಿಮಿಕ್ರಿ ಅಂತ ನಾನು ಮೊದಲು ಕಲಿತದ್ದು ಆ ದನಿಯನ್ನು. ಇವತ್ತು ಸ್ಟೇಜ್ ಮೇಲೆ ನಿಂತು ಊರಿನವರನ್ನೆಲ್ಲ ಅಣಕಿಸಿ ಹೊಟ್ಟೆ ಹೊರೆದುಕೊಳ್ಳುವ ನನಗೆ ಗುರು ಯಾರು ಎಂದು ಕೇಳಿದರೆ ಆ ಫೋನು ಎಂದೇ ಹೇಳಬೇಕು. ಮನೆಯಲ್ಲಿ ನನ್ನ ಹೆಸರು ಟೇಪು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಕೋಡುಬಳೆ ಅಗಿಯುವುದು, ಅಮ್ಮ ಸಿಟ್ಟು ಬಂದಾಗ ಮೂಗಿನಲ್ಲೇ ‘ರೀ’ ಎನ್ನುವುದು, ಅತ್ತೆ ಪಾತ್ರೆ ಬಡಿದು ಕಿವಿಗೊಟ್ಟು ಡಾಕ್ಟರ ಹಾಗೆ ಮುಖ ಮಾಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನದೇ ಒಡೆದ ಗಂಟಲನ್ನೂ ಬಿಡುತ್ತಿರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ನನ್ನ ದನಿ ಒಂದು ವಾಕ್ಯದೊಳಗೆ ಎರಡು ಸಲ ಹುಡುಗಿಯಾಗಿ, ಎರಡು ಸಲ ಲಾರಿಯಾಗುತ್ತಿತ್ತು. ಆದರೆ ಜನ ಬಿದ್ದು ಬಿದ್ದು ನಗುತ್ತಿದ್ದದ್ದು ‘ಓನರ್’ಗೆ. ಅಪ್ಪನೂ ನಗುತ್ತಿದ್ದ. ಅತ್ತೆ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದಳು. ಅವಳು ಯಾಕೆ ಅಷ್ಟು ನಗುತ್ತಿದ್ದಳು ಎಂದು ತಿಳಿಯಲು ನನಗೆ ಒಂದು ಕೋರ್ಟು ಬೇಕಾಯಿತು.

ನಮ್ಮ ಕಡೆ ಪಾತ್ರೆ ಕೊಂಡರೆ ಮೊದಲ ಕೆಲಸ ಅದಕ್ಕೆ ಹೆಸರು ಹೊಡೆಸುವುದು. ಪಾತ್ರೆ ಅಂಗಡಿಯ ಮುಂದೆ ಕೂತಿರುವವನು ಸಣ್ಣ ಉಳಿ, ಸುತ್ತಿಗೆ ಹಿಡಿದು ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹೆಸರು ಬರೆಯುತ್ತಾನೆ. ಕೊಟ್ಟ ಪಾತ್ರೆ ಕೊಟ್ಟವರ ಮನೆಗೆ ತಿರುಗಿ ಬರಲಿ ಅಂತ. ಬಾಡಿಗೆ ಪಾತ್ರೆಗಂತೂ ಅದೇ ಪ್ರಾಣ. ನಮ್ಮ ಹಾಲಿನಲ್ಲಿದ್ದ ಪ್ರತಿಯೊಂದು ಪಾತ್ರೆಯ ಮೇಲೂ ಇದ್ದದ್ದು ಒಂದೇ ಹೆಸರು: ಕೆ. ನಾಗರಾಜು. ಅದು ಅಪ್ಪನ ಹೆಸರು. ಓದಲು ಕಲಿಯುವಾಗ ನಾನು ಶಾಲೆಯ ಪುಸ್ತಕಕ್ಕಿಂತ ಮೊದಲು ಓದಿದ್ದು ಅದನ್ನೇ. ಮನೆಯಲ್ಲಿ ಅಪ್ಪನ ಹೆಸರಿಲ್ಲದ ಗೋಡೆಯೇ ಇರಲಿಲ್ಲ, ನಮ್ಮಪ್ಪ ಯಾರೋ ರಾಜನಿರಬೇಕು ಅಂದುಕೊಂಡಿದ್ದೆ. ಬೀದಿಯವರೂ ಹಾಗೇ ಅಂದುಕೊಂಡಿದ್ದರು. ‘ನಾಗರಾಜು ಮನೆ ಪಾತ್ರೆ’ ಎಂದರೆ ಬಿನ್ನಿಪೇಟೆಯವರೆಗೂ ಗೊತ್ತಿತ್ತು.

ಆ ಹೆಸರನ್ನು ನಂಬಿದವರಲ್ಲಿ ಅಕ್ಕಿಪೇಟೆಯ ಸಿದ್ದಪ್ಪನವರೂ ಒಬ್ಬರು. ಅಕ್ಕಿ ವ್ಯಾಪಾರದವರು, ನಿಧಾನದ ಮನುಷ್ಯ, ಮಾತಿನ ಕೊನೆಗೆ ‘ಅಷ್ಟೇಯಪ್ಪ’ ಎಂದು ಬಾಗಿಲು ಮುಚ್ಚಿದ ಹಾಗೆ ಹೇಳುತ್ತಿದ್ದರು. ಅಪ್ಪನಿಗೆ ಗವಿಪುರದ ಕಡೆ ಒಂದು ಪಾರ್ಟಿ ಹಾಲನ್ನು ಲೀಸಿಗೆ ಹಿಡಿದು ನಡೆಸಬೇಕು ಎಂಬ ಹುಚ್ಚು ಹತ್ತಿತ್ತು. ಪಾತ್ರೆ ಹೇಗೂ ಇದೆ, ಹಾಲೂ ಆದರೆ ಮದುವೆಯೇ ನಮ್ಮ ಕೈಯಲ್ಲಿ ಎನ್ನುತ್ತಿದ್ದ. ಸಿದ್ದಪ್ಪನವರು ಸಾಲ ಕೊಡುವ ಮುಂಚೆ ಒಮ್ಮೆ ಮನೆಗೆ ಬಂದರು. ಹಂಡೆಯ ಮೇಲೆ ಕೂತು ಕಾಫಿ ಕುಡಿದರು. ಎದ್ದು ನಿಂತು ಒಂದು ಕೊಪ್ಪರಿಗೆಯನ್ನು ಬೆಳಕಿಗೆ ತಿರುಗಿಸಿ ಹೆಸರು ಓದಿದರು, ಇನ್ನೊಂದನ್ನು ತಿರುಗಿಸಿ ಓದಿದರು.

“ಇಷ್ಟೂ ನಿಮ್ಮದೇನ್ರೀ ನಾಗರಾಜು?”

“ನೀವೇ ನೋಡಿದ್ರಲ್ಲ ಯಜಮಾನ್ರೇ.”

“ಸಾಕು ಬಿಡಿ. ಇಷ್ಟು ಹಿತ್ತಾಳೆ ಇದ್ಮೇಲೆ ನಂಗೇನು ಭಯ. ಅಷ್ಟೇಯಪ್ಪ.”

ಅತ್ತೆ ಆಗ ಹಿತ್ತಲಲ್ಲಿ ಉಜ್ಜುತ್ತಿದ್ದಳು. ಉಜ್ಜುವ ಶಬ್ದ ನಿಂತಿತು, ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು. ಅಷ್ಟೇಯಪ್ಪ.

ಪಾರ್ಟಿ ಹಾಲು ಹೋಯಿತು, ಲೀಸಿಗೆ ಕೊಟ್ಟಿದ್ದ ಹಣವೂ ಹೋಯಿತು. ಹೇಗೆ ಎಂಬುದನ್ನು ಅಪ್ಪ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುತ್ತಿದ್ದ. ಸಿದ್ದಪ್ಪನವರು ಕೇಳಿ ಕೇಳಿ ಸಾಕಾಗಿ ಕೋರ್ಟಿಗೆ ಹೋದರು. ನೋಟೀಸು ಬಂದಾಗಲೆಲ್ಲ ಅಪ್ಪ ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಸೆಟ್ಲ್ ಮಾಡ್ತೀನಿ ಎನ್ನುತ್ತಿದ್ದ. ಕೋರ್ಟು ಸಿದ್ದಪ್ಪನವರ ಕಡೆ ಡಿಕ್ರಿ ಮಾಡಿತು. ಒಂದು ಬೆಳಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ತಲೆ ತಗ್ಗಿಸದೆ ಒಳಗೆ ಬಂದು ಟಣ್ ಎಂದು ಬಡಿಸಿಕೊಂಡರು. ಹಣೆ ಉಜ್ಜಿಕೊಳ್ಳುತ್ತಾ ಹೇಳಿದರು.

“ಕೋರ್ಟಿಂದ ಬಂದಿದೀವಿ. ನಾನು ಅಮೀನ. ನಾಗರಾಜು ಅಂದ್ರೆ ಯಾರು? ಜಪ್ತಿ ವಾರಂಟ್ ಇದೆ.”

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಅಜ್ಜಿ ಎದ್ದು ಬಂದಳು. ಅಡಿಗೆ ಮಾಡುವ ಪಾತ್ರೆ ಮುಟ್ಟಿದರೆ ಶಾಪ ತಟ್ಟುತ್ತೆ ಎಂದಳು. ಅಮೀನರು ಒಳ್ಳೆಯವರೇ. ಶಾಪಕ್ಕೆ ಅಭ್ಯಾಸವಾದವರ ಹಾಗೆ ಕಂಡರು.

“ಮನೆ ಅಡಿಗೆ ಪಾತ್ರೆ ನಾವು ಮುಟ್ಟಲ್ಲ ತಾಯಿ, ಕಾನೂನೇ ಬಿಡಲ್ಲ. ನಿಮ್ ಕುಕ್ಕರ್ ನಿಮಗೇ ಇರ್ಲಿ. ಆದ್ರೆ ಇದು ಮನೆ ಅಡಿಗೆದಲ್ಲ, ಊರಡಿಗೆದು.”

ಆಮೇಲೆ ಶುರುವಾಯಿತು. ಅಮೀನರು ಒಂದೊಂದು ಪಾತ್ರೆಯನ್ನೂ ತಿರುಗಿಸಿ ಹೆಸರು ಓದುವುದು, ಜೊತೆಯವನು ಬರೆದುಕೊಳ್ಳುವುದು. ‘ಕೊಪ್ಪರಿಗೆ, ಹಿತ್ತಾಳೆ, ಕೆ. ನಾಗರಾಜು. ಪರಾತ, ಕೆ. ನಾಗರಾಜು. ಹಂಡೆ, ತಾಮ್ರ, ಕೆ. ನಾಗರಾಜು.’ ಶಾಲೆಯ ಹಾಜರಿಯ ಹಾಗೆ. ಎಲ್ಲಕ್ಕೂ ಒಬ್ಬನೇ ಹಾಜರು, ಅವನು ಫೋನಿನ ಪಕ್ಕ ಬಾಯಿ ಬಿಡದೆ ಕೂತಿದ್ದ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಅತ್ತೆ ಒದ್ದೆ ಸೆರಗನ್ನು ಹಿಂಡುತ್ತಾ ಹಿತ್ತಲಿಂದ ಬಂದು ನಡುವೆ ನಿಂತಳು.

“ಸ್ವಾಮಿ, ಇದು ಅವನದಲ್ಲ. ನಂದು.”

“ನಿಮ್ಮ ಹೆಸರೇನಮ್ಮ?”

“ಸರೋಜ.”

“ಎಲ್ಲಿದೆ ತೋರ್ಸಿ, ಬಿಟ್ ಹೋಗ್ತೀನಿ.”

ಅತ್ತೆ ಅಪ್ಪನ ಕಡೆ ನೋಡಿದಳು. ಅಪ್ಪ ಫೋನಿನ ಕಡೆ ನೋಡಿದ, ಅದು ಬಡಿದುಕೊಂಡರೆ ಬದುಕಿದೆ ಎನ್ನುವ ಹಾಗೆ. ಅಮೀನರು ಮೆತ್ತಗೆ ಹೇಳಿದರು: “ತಕರಾರಿದ್ರೆ ಕೋರ್ಟಲ್ಲಿ ಅರ್ಜಿ ಹಾಕ್ಕೊಳಿ ತಾಯಿ. ನಾನು ಹೆಸರು ನೋಡೋನು ಅಷ್ಟೇ.” ಟೆಂಪೋ ಎರಡು ಸಲ ಬಂದುಹೋಯಿತು. ಅದು ಹೋದ ಮೇಲೆ ಹಾಲು ಎಷ್ಟು ದೊಡ್ಡದಿತ್ತು ಎಂದು ನಮಗೆ ಮೊದಲ ಸಲ ಗೊತ್ತಾಯಿತು. ಗೋಡೆಯ ಮೇಲೆ ಪಾತ್ರೆಗಳ ದುಂಡನೆಯ ಮಸಿ ಗುರುತು ಉಳಿದಿತ್ತು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಬರುವುದಿಲ್ಲ. ಖಾಲಿ ಗೋಡೆಯ ಮುಂದೆ ನಿಂತು, ಹಣೆ ಉಜ್ಜಿಕೊಂಡು, ಅಮೀನರ ದನಿಯಲ್ಲಿ ‘ಟೇಪು, ತಲೆ ಖಾಲಿ, ಕೆ. ನಾಗರಾಜು’ ಎಂದೆ. ದನಿ ಕರಾರುವಾಕ್ಕಾಗಿತ್ತು. ಅಜ್ಜಿ ಬೆನ್ನಿಗೊಂದು ಬಿಟ್ಟಳು. ಖಾಲಿ ಹಾಲಿನಲ್ಲಿ ಆ ಏಟು ಎಷ್ಟು ಜೋರಾಗಿ ಕೇಳಿತೆಂದರೆ ಪಕ್ಕದ ಮನೆಯವರು ಮತ್ತೆ ಬಂದು ಇಣುಕಿದರು.

ಅಂದು ಸಂಜೆ ನಮ್ಮ ಬೀದಿಯ ಲಾಯರ ಮನೆಯ ಜಗುಲಿಯಲ್ಲಿ ಕೂತಾಗ ನನಗೆ ನಿಜ ತಿಳಿಯಿತು. ಅತ್ತೆ ಗಂಡನ ಮನೆ ಬಿಟ್ಟು ಬಂದಾಗ ಅವಳ ಕೈಯಲ್ಲಿ ಇದ್ದದ್ದು ನಾಲ್ಕು ಬಳೆ. ಅವನು ಹೊಡೆಯುತ್ತಿದ್ದನಂತೆ. ಬಳೆ ಮಾರಿ ಮೊದಲ ಕೊಪ್ಪರಿಗೆಗಳನ್ನು ಕೊಂಡಳು. ಅಂಗಡಿಯ ಮುಂದೆ ಉಳಿ ಹಿಡಿದವನು ಯಾವ ಹೆಸರು ಎಂದು ಕೇಳಿದಾಗ ಜೊತೆಯಲ್ಲಿದ್ದ ಅಜ್ಜಿ ಅಡ್ಡ ಬಂದಳು. ಗಂಡನ್ನ ಬಿಟ್ಟು ಬಂದವಳ ಹೆಸರಿರೋ ಪಾತ್ರೇಲಿ ಯಾರು ತಮ್ಮ ಮಗಳ ಮದುವೆ ಅಡಿಗೆ ಮಾಡಿಸ್ತಾರೆ, ತಮ್ಮನ ಹೆಸರು ಹೊಡಿಸು ಎಂದಳು. ಅಪ್ಪ ಆಗ ಕಾಲೇಜಿಗೆ ಹೋಗುತ್ತಿದ್ದನಂತೆ. ಅಂದಿನಿಂದ ಕೊಂಡ ಪ್ರತಿ ಪಾತ್ರೆಗೂ ಅವನ ಹೆಸರೇ. ಅಪ್ಪನಿಗೆ ಒಂದೂ ಕೆಲಸ ನೆಟ್ಟಗೆ ಹತ್ತಲಿಲ್ಲ, ಹೆಸರು ಮಾತ್ರ ಹಬ್ಬುತ್ತಾ ಹೋಯಿತು. ನನ್ನ ಶಾಲೆಯ ಫೀಸು, ಅಮ್ಮನ ಸೀರೆ, ಅಪ್ಪನ ಇಸ್ತ್ರಿ, ಎಲ್ಲ ಬಂದದ್ದು ಆ ಒದ್ದೆ ಸೆರಗಿನಿಂದ.

“ಸಾಲ ನಿಮ್ಮ ತಮ್ಮಂದು, ಸ್ವತ್ತು ನಿಮ್ಮದು. ಆ ಸಾಲಕ್ಕೆ ಸಂಬಂಧ ಇಲ್ಲದ ಮೂರನೆಯವರು ನೀವು, ಹಾಗಂತ ತಕರಾರು ಅರ್ಜಿ ಹಾಕೋಣ,” ಎಂದರು ಲಾಯರು.

“ಇವಳು ಹ್ಯಾಗೆ ಮೂರನೆಯವಳು?” ಅಜ್ಜಿ ಕೇಳಿದಳು. “ಮನೇಲಿ ಮೊದಲು ಹುಟ್ಟಿದ್ದೇ ಇವಳು.”

ಲಾಯರು ನಗಲಿಲ್ಲ. ಅರ್ಜಿ ಹಾಕುವುದು ಸುಲಭ, ಗೆಲ್ಲುವುದು ಕಷ್ಟ ಎಂದರು. ಅಕ್ಕ ತಮ್ಮ ಸೇರಿ ಸಾಲ ಮುಳುಗಿಸೋಕೆ ನಾಟಕ ಆಡ್ತಿದಾರೆ ಅಂತ ಆ ಕಡೆಯವರು ಹೇಳುವುದು ಗ್ಯಾರಂಟಿ. ಸಿದ್ದಪ್ಪನವರಿಗೆ ಪಾತ್ರೆ ತೋರಿಸಿ ನನ್ನದು ಅಂದವರು ಯಾರು? ಆ ಮನುಷ್ಯನೇ ಕಟಕಟೆಗೆ ಬಂದು, ನಾನು ಅಂದು ಸುಳ್ಳು ಹೇಳಿದ್ದೆ, ನನ್ನದು ಏನೂ ಇಲ್ಲ ಎನ್ನಬೇಕು. ಇಲ್ಲದಿದ್ದರೆ ಪಾತ್ರೆ ಹರಾಜಿಗೆ ಹೋಗುತ್ತದೆ. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. ಕಾಲಲ್ಲೇ ಇತ್ತು.

ಮುಂದಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಯಾರೂ ಹೇಳುತ್ತಿರಲಿಲ್ಲ. ಮದುವೆಗಳ ಕಾಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಪ್ಪ ಅದೇ ಹೊಟ್ಟೆ ತಳದ ದನಿಯಲ್ಲಿ ‘ಪಾತ್ರೆ ಕಲಾಯಿಗೆ ಹೋಗಿದೆ ಸಾರ್, ಓನರೇ ಹೇಳ್ತಿದೀನಲ್ಲ’ ಎನ್ನುತ್ತಿದ್ದ. ಬುಕ್ ಆಗಿದ್ದ ಮದುವೆಗಳಿಗೆ ಮಾತು ತಪ್ಪಬಾರದೆಂದು ಅತ್ತೆ ಬಿನ್ನಿಪೇಟೆಯ ಇನ್ನೊಬ್ಬ ಪಾತ್ರೆಯವನ ಹತ್ತಿರ ಹೋಗಿ ಬಾಡಿಗೆಗೆ ತಂದು ಬಾಡಿಗೆಗೆ ಕೊಟ್ಟಳು. ಬೇರೆಯವರ ಹೆಸರಿನ ಕೊಪ್ಪರಿಗೆಗಳನ್ನು ನಮ್ಮ ಹಿತ್ತಲಲ್ಲಿ ಕೂತು ಉಜ್ಜಿದಳು. ಆ ಪಾತ್ರೆಯವನು ಅವಳಿಗೆ ಹೇಳಿದ್ದನ್ನು ಅವಳೇ ನನ್ನ ಹತ್ತಿರ ಮಾಡಿ ತೋರಿಸಿದಳು: ‘ಕಷ್ಟ ಆದ್ರೆ ನಮ್ಮಲ್ಲೇ ಉಜ್ಜೋ ಕೆಲ್ಸಕ್ ಬಂದ್ಬಿಡಿ ಅಕ್ಕಾ.’ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೋ ಮಿಮಿಕ್ರಿ ಮಾಡಿದ್ದು ಅದೊಂದೇ ಸಲ. ಚೆನ್ನಾಗಿಯೇ ಮಾಡಿದಳು. ಕೊನೆಯಲ್ಲಿ ನಗಲು ಹೋಗಿ ಆಗಲಿಲ್ಲ.

ಸಾಕ್ಷಿಯ ದಿನ ಹತ್ತಿರ ಬಂದಾಗ ಊಟದ ಹೊತ್ತಿನಲ್ಲಿ ಅವಳು ಅಪ್ಪನನ್ನು ಕೇಳಿಯೇಬಿಟ್ಟಳು.

“ನಾಗು, ಬರ್ತೀಯೋ ಇಲ್ವೋ ಹೇಳ್ಬಿಡು.”

“ಬಂದು ಏನನ್ಲಿ? ನಾನು ಮೋಸಗಾರ ಅನ್ಲಾ? ನಾಳೆ ಈ ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕಲ್ಲ ಅಕ್ಕ ನಾನು.”

“ನಾನು ಓಡಾಡೋದು ಬೇಡ್ವಾ?”

“ನೀನು ಎಲ್ಲಿ ಓಡಾಡ್ತೀಯಾ, ಹಿತ್ತಲಲ್ಲೇ ಇರ್ತೀಯಾ.”

ಹೇಳಿದ ಮೇಲೆ ಅವನಿಗೇ ಗೊತ್ತಾಯಿತು ಅನ್ನಿಸುತ್ತದೆ, ತುತ್ತು ಕೈಯಲ್ಲೇ ಉಳಿಯಿತು. ಮಾತಾಡಿದ್ದು ಅಮ್ಮ. ಈ ಮನೆಗೆ ಬಂದಾಗಿನಿಂದ ಅಕ್ಕ-ತಮ್ಮನ ನಡುವೆ ಬಾಯಿ ಹಾಕದವಳು ಹುಳಿಯ ಸೌಟನ್ನು ಹಿಡಿದುಕೊಂಡೇ ಮೂಗಿನಲ್ಲಿ ಶುರುಮಾಡಿದಳು.

“ರೀ. ಮದುವೆ ಆಗೋವಾಗ ನಮ್ಮಪ್ಪನೂ ಆ ಹೆಸರು ಓದೇ ನನ್ನ ಕೊಟ್ಟಿದ್ದು. ನಾನು ಒಂದಿನ ಕೇಳಿದೀನಾ? ಈಗ ಕೇಳ್ತೀನಿ. ಹೋಗಿ ಬನ್ನಿ ಸುಮ್ನೆ.”

ಅಮ್ಮನ ಆ ‘ರೀ’ಯನ್ನು ಅಣಕಿಸುವುದು ನನಗೆ ತುಂಬ ಇಷ್ಟವಿತ್ತು. ಮಾರನೆಯ ದಿನದಿಂದ ಅದನ್ನು ಮಾಡುವುದು ಬಿಟ್ಟೆ.

ಸಿವಿಲ್ ಕೋರ್ಟು ಎಂದರೆ ಸುತ್ತಿಗೆ, ಆರ್ಡರ್ ಆರ್ಡರ್, ಸಿನಿಮಾ ಎಂದು ಕಾದಿದ್ದವನಿಗೆ ಅದು ನಮ್ಮ ಸ್ಕೂಲಿನ ಸ್ಟಾಫ್ ರೂಮಿನ ಹಾಗೆ ಕಂಡಿತು. ಫ್ಯಾನು, ಬೀರು, ಕಾಗದದ ಕಟ್ಟು, ಗುಸುಗುಸು. ಅಜ್ಜಿಯನ್ನು ಮೆಟ್ಟಿಲು ಹತ್ತಿಸಲು ಅಂತ ನನ್ನನ್ನು ಕರೆದುಕೊಂಡು ಹೋಗಿದ್ದರು. ಹಿಂದಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ಎದುರು ಬೆಂಚಿನಲ್ಲಿ ಸಿದ್ದಪ್ಪನವರು. ಅಜ್ಜಿಯನ್ನು ಕಂಡು ಕೈಮುಗಿದರು, ಅಜ್ಜಿ ಮುಖ ತಿರುಗಿಸಿದಳು. ಪಾಪ, ಹಣ ಕಳಕೊಂಡವರು ಅವರು, ಮುಖ ತಿರುಗಿಸಿದವರು ನಾವು.

ಮೊದಲು ಅತ್ತೆ. ಬಳೆ ಮಾರಿದ್ದು, ಪಾತ್ರೆ ಕೊಂಡದ್ದು, ಎಲ್ಲ ಹೇಳಿದಳು. ನಮ್ಮ ಪಾತ್ರೆಯಲ್ಲಿ ಮದುವೆ ಮಾಡಿದ ಇಬ್ಬರು ಬಂದು ಬಾಡಿಗೆ ಕೊಟ್ಟಿದ್ದು ಸರೋಜಮ್ಮನ ಕೈಗೇ ಎಂದರು. ಸಿದ್ದಪ್ಪನವರ ಲಾಯರು ಚುರುಕಿನವರು, ಪ್ರತಿ ಪ್ರಶ್ನೆಗೂ ಕನ್ನಡಕವನ್ನು ಒಮ್ಮೆ ಮೂಗಿಗೆ ಇಳಿಸಿ ಏರಿಸುತ್ತಿದ್ದರು. ಆ ಚಾಳಿಯನ್ನು ನಾನು ಬೆಂಚಿನಲ್ಲೇ ಕಲಿತುಕೊಳ್ಳುತ್ತಿದ್ದೆ.

“ಸ್ವಂತ ಪಾತ್ರೆಗೆ ಯಾರಾದ್ರೂ ತಮ್ಮನ ಹೆಸರು ಹೊಡೆಸ್ತಾರಾ ಅಮ್ಮ?”

ಅತ್ತೆ ಬಾಯೊಳಗೇ ಏನೋ ಅಂದಳು.

“ಹೇಳಿ. ಜೋರಾಗಿ ಹೇಳಿ, ಸಾಹೇಬ್ರಿಗೆ ಕೇಳ್ಬೇಕು.”

“ಗಂಡನ ಮನೆ ಬಿಟ್ಟು ಬಂದಿದ್ದೆ. ನನ್ನ ಹೆಸರಿನ ಪಾತ್ರೆ ಮದುವೆ ಮನೆಗೆ ಆಗಲ್ಲ ಅಂದ್ರು.”

“ಯಾರಂದ್ರು?”

ಅಜ್ಜಿಯ ಉಗುರು ನನ್ನ ಅಂಗೈಗೆ ಒತ್ತಿತು. ಅತ್ತೆ ಹಿಂದೆ ತಿರುಗಿ ನೋಡಲಿಲ್ಲ.

“ಎಲ್ಲಾರೂ,” ಎಂದಳು.

ಆಮೇಲೆ ಅಪ್ಪ. ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ ನಿಂತ. ಕಟಕಟೆಯ ಅಂಚನ್ನು ಕೊಪ್ಪರಿಗೆಯ ಕಂಠ ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ನಮ್ಮ ಲಾಯರ ಪ್ರಶ್ನೆಗೆ ಪಾತ್ರೆ ಅಕ್ಕನದು ಎಂದ. ಅಷ್ಟು ಹೇಳಿದ್ದು ನನಗೆ ಅರ್ಧವೇ ಕೇಳಿಸಿತು. ಫೋನಿನ ದನಿ ಎಲ್ಲಿ ಹೋಯಿತೋ. ಇದು ಸಣ್ಣದಾದ, ಒಣಗಿದ, ನಾನು ಎಂದೂ ಕೇಳದ ಒಂದು ದನಿ. ಕನ್ನಡಕದ ಲಾಯರು ಎದ್ದರು.

“ನಮ್ಮ ಕಕ್ಷಿಗಾರರು ನಿಮ್ಮ ಮನೆಗೆ ಬಂದಿದ್ರು. ಪಾತ್ರೆ ನೋಡಿ ನಿಮ್ಮದಾ ಅಂತ ಕೇಳಿದ್ರು. ನೀವು ಹೌದಂದ್ರಿ. ಸರೀನಾ?”

“ಅಂದಿದ್ದೆ.”

“ಹಾಗಾದ್ರೆ ಅವತ್ತು ಸುಳ್ಳೋ, ಇವತ್ತು ಸುಳ್ಳೋ?”

“ಅವತ್ತು.”

“ಸುಳ್ಳು ಹೇಳಿ ಸಾಲ ತಗೊಂಡ್ರಿ.”

“ಹೌದು ಸಾರ್.”

“ಅಂದ್ರೆ ಆ ಮನೇಲಿ ನಿಮ್ಮದು ಅಂತ ಏನಿದೆ?”

ಅಪ್ಪ ನಿಜವಾಗಿಯೂ ಯೋಚಿಸಿದ. ಕಣ್ಣು ಮೇಲೆ ಮಾಡಿ, ಒಂದೊಂದು ರೂಮಿಗೂ ಹೋಗಿ ನೋಡಿ ಬಂದವನ ಹಾಗೆ.

“ಕುರ್ಚಿ... ಇಲ್ಲ, ಅದೂ ಅಕ್ಕನದೇ. ಬಟ್ಟೆ ಇದೆ ಸಾರ್. ಈ ಶರ್ಟು.” ಸ್ವಲ್ಪ ತಡೆದು, ಪ್ರಮಾಣ ಮಾಡಿದ್ದು ನೆನಪಾಯಿತೋ ಏನೋ, “ಇದನ್ನೂ ಅಕ್ಕನೇ ಹಬ್ಬಕ್ಕೆ ತಂದಿದ್ದು,” ಎಂದ.

ಕೋರ್ಟು ನಕ್ಕಿತು. ದೊಡ್ಡ ನಗೆಯಲ್ಲ, ಫ್ಯಾನಿನ ಕೆಳಗೆ ಕೂತ ಹತ್ತು ಹನ್ನೆರಡು ಜನ ಮೂಗಿನಲ್ಲಿ ನಕ್ಕರು. ನನಗೆ ನಗೆಯ ವಿಚಾರ ಸ್ವಲ್ಪ ಗೊತ್ತು. ತಡೆದು ಹೇಳಿದ ಮಾತಿಗೆ ಜನ ಹಾಗೇ ನಗುತ್ತಾರೆ. ಅಪ್ಪ ತನಗೆ ಗೊತ್ತಿಲ್ಲದೆ ಆ ಜಾಗದಲ್ಲಿ ಸರಿಯಾಗಿ ತಡೆದಿದ್ದ. ನನ್ನ ತುಟಿಯೂ ಅರಳಿತ್ತು. ಅರಳಿದ್ದು ತಿಳಿದ ಕೂಡಲೇ ಕಿವಿಯೆಲ್ಲ ಕೆಂಡವಾಯಿತು. ಆ ನಾಚಿಕೆಯನ್ನು ನಾನು ಬಹಳ ವರ್ಷ ತಪ್ಪು ಹೆಸರಿನಿಂದ ಕರೆಯುತ್ತಿದ್ದೆ. ಅಪ್ಪ ಸಾಲಗಾರ, ಅಪ್ಪ ಸುಳ್ಳುಗಾರ, ಅದಕ್ಕೆ ನಾಚಿಕೆ ಎಂದುಕೊಳ್ಳುತ್ತಿದ್ದೆ. ಅದಲ್ಲ. ಅವನು ಮನೆಗೆ ಬಂದ ಸಿದ್ದಪ್ಪನವರಿಗೆ ಸುಳ್ಳು ಹೇಳಿದಾಗ ನಾನು ಹಂಡೆಯ ಪಕ್ಕದಲ್ಲೇ ನಿಂತಿದ್ದೆ, ಆಗ ನನಗೆ ಒಂದಿಷ್ಟೂ ನಾಚಿಕೆಯಾಗಿರಲಿಲ್ಲ, ಎದೆ ಉಬ್ಬಿತ್ತು. ನನಗೆ ನಾಚಿಕೆಯಾದದ್ದು ಅವನು ನಿಜ ಹೇಳಿದಾಗ. ಆ ಸಣ್ಣ ದನಿ ನಿಂತುಹೋಗಲಿ, ದೊಡ್ಡ ದನಿಯಲ್ಲಿ ‘ಓನರೇ ಮಾತಾಡ್ತಿರೋದು’ ಎಂದುಬಿಡಲಿ, ಅತ್ತೆಯ ಪಾತ್ರೆಗಳೆಲ್ಲ ಹರಾಜಾಗಿ ಹೋಗಲಿ ಎಂದು ಆ ಬೆಂಚಿನಲ್ಲಿ ನಾನು ಬೇಡಿಕೊಂಡಿದ್ದೆ. ಅತ್ತೆ ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಒಗೆದ ಸೀರೆ ಉಟ್ಟಿದ್ದಳು, ಸೆರಗು ಅಂದು ಒಣಗಿತ್ತು.

ತನಗೇ ಕೆಡುಕಾಗುವ ಮಾತನ್ನು ಮನುಷ್ಯ ಸುಮ್ಮನೆ ಹೇಳುವುದಿಲ್ಲ ಎಂದು ಜಡ್ಜರಿಗೂ ಅನ್ನಿಸಿತಂತೆ, ಆರ್ಡರಿನಲ್ಲಿ ಹಾಗೇ ಬರೆದಿದ್ದಾರೆ ಎಂದು ನಮ್ಮ ಲಾಯರು ಓದಿ ಹೇಳಿದರು. ತಕರಾರು ಅರ್ಜಿ ಮಂಜೂರಾಯಿತು. ಪಾತ್ರೆ ಅತ್ತೆಯದು, ಸಾಲ ಅಪ್ಪನದು, ಎರಡನ್ನೂ ಕೋರ್ಟು ಬೇರೆ ಮಾಡಿತು. ಸಿದ್ದಪ್ಪನವರ ಹತ್ತಿರ ಅಪ್ಪನೇ ಹೋಗಿ ನಿಂತು ತಿಂಗಳು ತಿಂಗಳು ಕೊಡುವ ಮಾತಾಡಿ ಬಂದ. ಕೊಡಲು ಸಂಬಳ ಬೇಕಲ್ಲ. ಪಾತ್ರೆ ಏರಿಸಿ ಇಳಿಸುವುದಕ್ಕೆ ಅತ್ತೆ ಹೊರಗಿನ ಒಬ್ಬನಿಗೆ ಕೊಡುತ್ತಿದ್ದ ಕೂಲಿ ಇತ್ತು. ಆ ಕೆಲಸವನ್ನು ಅಪ್ಪ ಕೇಳಿ ತೆಗೆದುಕೊಂಡ. ಅತ್ತೆ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಚೆನ್ನಾಗಿತ್ತು ಎಂದು ಅಜ್ಜಿ ಗೊಣಗಿದಳು, ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಾತ್ರೆ ತಿರುಗಿ ಬಂದ ದಿನ ಅಪ್ಪ ಬನಿಯನ್ನಿನಲ್ಲಿ ನಿಂತು ಒಂದೊಂದನ್ನೂ ಟೆಂಪೋದಿಂದ ಹೊತ್ತು ತಂದ. ಬಾಗಿಲಲ್ಲಿ ಅವನ ತಲೆಗೂ ಸೌಟು ಬಡಿಯಿತು. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದವನಿಗೆ ಅದು ಮೊದಲ ಸಲ. ಅಲ್ಲಿಯವರೆಗೆ ಅವನು ಕೈತುಂಬ ಭಾರ ಹೊತ್ತು ಆ ಬಾಗಿಲು ದಾಟಿರಲಿಲ್ಲ. ಗೋಡೆಯ ಮಸಿ ಗುರುತುಗಳಿಗೆ ಪಾತ್ರೆಗಳು ಒಂದೊಂದಾಗಿ ಬಂದು ಕೂತವು. ಅತ್ತೆ ಬೆರಳಿನಿಂದ ಬಡಿದು ಬಡಿದು ಕಿವಿಗೊಟ್ಟಳು. ಅಷ್ಟರಲ್ಲಿ ಉಳಿ ಸುತ್ತಿಗೆಯವನು ಬಂದ. ಅವನನ್ನು ಬರಹೇಳಿದ್ದು ಅಪ್ಪನಂತೆ, ಅತ್ತೆಗೂ ಗೊತ್ತಿರಲಿಲ್ಲ. ಅಪ್ಪ ದೊಡ್ಡ ಕೊಪ್ಪರಿಗೆಯನ್ನು ಎಳೆದು ತೊಡೆಯ ಮೇಲೆ ವಾಲಿಸಿಕೊಂಡು ಕೂತ.

“ಇದನ್ನ ಅಳಿಸ್ಬಿಡಪ್ಪ,” ಎಂದ, ತನ್ನ ಹೆಸರಿನ ಮೇಲೆ ಬೆರಳಿಟ್ಟು.

“ಅಳಿಸಕ್ಕಾಗಲ್ಲ ಅಣ್ಣ. ಹೊಡೆದದ್ದು ಹೊಡೆದದ್ದೇ. ಮೇಲೆ ಗೀಟು ಹಾಕ್ಬೋದು ಬೇಕಾದ್ರೆ.”

“ಗೀಟು ಹಾಕು. ಕೆಳಗೆ ಸರೋಜಮ್ಮ ಅಂತ ಹೊಡಿ.”

“ಗೀಟು ಬೇಡ,” ಎಂದಳು ಅತ್ತೆ.

“ಬೇಕು ಅಕ್ಕ. ಕೋರ್ಟಲ್ಲಿ ಏನೂ ಇಲ್ಲ ಅಂದಿದೀನಿ. ಇಲ್ಲ ಅಂದ್ಮೇಲೆ ಇರ್ಬಾರ್ದು.”

“ಪಾತ್ರೆ ಯಾರದೋ ನಾಗು?”

“ನಿಂದು.”

“ಮತ್ತೆ ಸುಮ್ನಿರು. ನನ್ನ ಪಾತ್ರೆ ಮೇಲೆ ಏನಿರ್ಬೇಕು ಏನಿರ್ಬಾರ್ದು ಅಂತ ನಾನು ಹೇಳ್ತೀನಿ. ನೀನು ನೆಟ್ಟಗೆ ಹಿಡ್ಕೋ, ಅಕ್ಷರ ಸೊಟ್ಟ ಆಗತ್ತೆ.”

ಉಳಿ ಸುತ್ತಿಗೆಯವನು ಇಬ್ಬರ ಮುಖವನ್ನೂ ನೋಡಿ, ಕೂಲಿ ಕೊಡುವವರು ಯಾರೆಂದು ತಿಳಿದುಕೊಂಡು ಕೆಲಸ ಶುರುಮಾಡಿದ. ಟಕ್ ಟಕ್ ಟಕ್. ಹಳೆಯ ಹೆಸರಿನ ಕೆಳಗೆ ಹೊಸ ಚುಕ್ಕಿಗಳು, ಹೊಸ ಗಾಯದ ಹಾಗೆ ಹೊಳೆಯುತ್ತಿದ್ದವು. ಪ್ರತಿ ಏಟಿಗೂ ಕೊಪ್ಪರಿಗೆಯ ಹೊಟ್ಟೆ ಗುಂಯ್ಗುಡುತ್ತಿತ್ತು, ಅದನ್ನು ಹಿಡಿದಿದ್ದ ಅಪ್ಪನ ಮೈಯೂ ನಡುಗುತ್ತಿತ್ತು. ಅಜ್ಜಿ ಒಳಬಾಗಿಲಲ್ಲಿ ನಿಂತು ‘ಸುಮ್ನೆ ದುಡ್ಡು ದಂಡ’ ಎಂದಳು. ಆದರೂ ಹೋಗಲಿಲ್ಲ. ಅಮ್ಮ ಎಲ್ಲರಿಗೂ ಕಾಫಿ ತಂದಳು.

ಅದರ ನಡುವೆ ಫೋನು ಬಡಿದುಕೊಂಡಿತು. ಮಡಚುವ ಕುರ್ಚಿ ಖಾಲಿ ಇತ್ತು. ಮೂರು ರಿಂಗು ಆಯಿತು, ಅಭ್ಯಾಸಬಲದಿಂದ ಎಲ್ಲರೂ ಅಪ್ಪನ ಕಡೆ ನೋಡಿದೆವು. ಅವನು ಕೊಪ್ಪರಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ತೊಡೆಗೆ ಕೈ ಒರೆಸಿಕೊಂಡು, ಎದ್ದು ಹೋಗಿ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ. ಆ ದೊಡ್ಡ ದನಿ ಹೊಟ್ಟೆಯಿಂದ ಹೊರಟು ಎದೆಗೆ ಬಂದದ್ದು ನನಗೆ ಕಾಣಿಸಿತು. ನಾನೂ ಒಳಗೊಳಗೇ ಅವನ ಜೊತೆ ದನಿ ಕಟ್ಟುತ್ತಿದ್ದೆ.

“ಹಲೋ... ಹೇಳೀ...”

ನಿಂತ.

“ಇದೆ ಸಾರ್, ಪಾತ್ರೆ ಇದೆ,” ಎಂದ, ಕೋರ್ಟಿನ ಆ ಸಣ್ಣ ದನಿಯಲ್ಲಿ. “ನಾನಾ? ಎತ್ತಿ ಇಡೋನು ಸಾರ್. ಒಂದ್ನಿಮಿಷ ಇರಿ, ಓನರ್‌ನ ಕರೀತೀನಿ.”

ರಿಸೀವರನ್ನು ಅಂಗೈಯಿಂದ ಮುಚ್ಚಿ, ತಿರುಗಿ ಕರೆದ.

“ಅಕ್ಕಾ.”

ಅತ್ತೆ ಎದ್ದಳು. ಹಾಲಿನಲ್ಲಿ ಕಾಲಿಡಲು ಮತ್ತೆ ಜಾಗವಿರಲಿಲ್ಲ. ಅಪ್ಪ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ.